ಪುಣೆಯ ಗೆಳೆಯನಿಗೆ, ಉಂಡಿ ಡಬ್ಬಿಯ ಜೊತೆ

ದೋಸ್ತ,

ಅವತ್ತು ನೀನು ಫೋನ್ ಮಾಡಿದಾಗ ಸರಿಯಾಗಿ ಮಾತಾಡಲು ಆಗಲಿಲ್ಲ. ಸಿಟ್ಟಾಗಬೇಡ. ನನ್ನ ಎರಡೂ ಕೈಗೆ ಬೆಲ್ಲ ಮೆತ್ತಿತ್ತು. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಎದುರಿಗೆ ಮಿಕ್ಸರ್ ತಿರುಗುತ್ತಿತ್ತು, ಅದನ್ನು ಬಂದ್ ಮಾಡಲು ಮರೆತೆ. ಆ ಮರೆವಿನಿಂದ ಏನಾಯಿತು ಅಂತ ಮುಂದೆ ಹೇಳುತ್ತೇನೆ. ಅದರಲ್ಲಿ ನಿನ್ನ ಪಾಲೂ ಇದೆ.

ನೀನು ಕೇಳಿದ್ದು ಮಾತ್ರ ತಲೆಯಲ್ಲಿ ಉಳಿದಿದೆ. ಗಣಪತಿಗೆ ಮಕ್ಕಳಿಗೆ ಸೂಟಿ, ಮನೆಯವಳಿಗೆ ಆಫೀಸು, ಮನೆಯಲ್ಲಿ ನೀನೊಬ್ಬನೇ. "ಓವನ್ ಇಲ್ಲ, ಗ್ಯಾಸ್ ಹತ್ತಿರ ಅವರನ್ನ ಬಿಡಾಕ ಧೈರ್ಯ ಇಲ್ಲ, ಏನರ ತಿಂಡಿ ಮಾಡಸೂದಿದ್ರ ಹೇಳಲೇ" ಅಂದೆ. ಓವನ್ ಇಲ್ಲ ಅನ್ನುವಾಗ ನಿನ್ನ ದನಿ ಎಷ್ಟು ಸಣ್ಣಗಾಗಿತ್ತು ಅಂದರೆ, ಲಕ್ಷ್ಮೇಶ್ವರದ ಕಡೆ ನಮ್ಮ ಊರಲ್ಲಿ ಮನೆಗೊಂದು ಓವನ್ ಇತ್ತೇನೋ, ನಾವು ಅದರ ಮುಂದೆಯೇ ಬೆಳೆದೆವೇನೋ ಅನ್ನಿಸಿಬಿಟ್ಟಿತು!

ನಾಗರ ಪಂಚಮಿ ನೆನಪು ಮಾಡಿಕೋ. ಅದರ ಹಿಂದಿನ ನಾಗಚೌತಿಯ ದಿನ ನಿಮ್ಮ ಮನೆಯಲ್ಲೂ ನಮ್ಮ ಮನೆಯಲ್ಲೂ ಒಲೆಯ ಮೇಲೆ ಹಂಚು ಏರುತ್ತಿರಲಿಲ್ಲ. ಕರಿಯುವುದಿಲ್ಲ, ಈಳಿಗೆ ಮುಟ್ಟುವುದಿಲ್ಲ. ರೊಟ್ಟಿಯೆಲ್ಲ ಹಿಂದಿನ ದಿನ ರೊಟ್ಟಿ ಹಬ್ಬಕ್ಕೇ ಮುಗಿದಿರುತ್ತಿತ್ತು. ನಾವು ಹುಡುಗರು ಆ ದಿನ ಏನು ತಿಂದು ಬದುಕಿದ್ದೆವು ಹೇಳು? ಚಡ್ಡಿ ಕಿಸೆಯಲ್ಲಿ ಶೇಂಗಾ ಉಂಡಿ, ಕೈಯಲ್ಲಿ ದಾರ ಪೋಣಿಸಿದ ಕೊಬ್ಬರಿ ಬಟ್ಟಲು. ಅದನ್ನು ಗುಂಯ್ ಅಂತ ತಿರುಗಿಸಿ ಸಾಕಾದ ಮೇಲೆ ಅದನ್ನೂ ತಿನ್ನುವುದು. ನೀನಂತೂ ಹನುಮಪ್ಪನ ಗುಡಿಯಿಂದ ಅಗಸಿಯವರೆಗೆ ಹತ್ತೇ ಏಟಿಗೆ ಲಿಂಬೆಹಣ್ಣು ಒಗೆಯುತ್ತೇನೆ ಅಂತ ಪಣ ಕಟ್ಟಿ, ಏಳನೇ ಏಟಿಗೆ ಹಣ್ಣು ಯಾರದೋ ಹಿತ್ತಲಿಗೆ ಹೋಗಿ, ಐದು ಉಂಡಿ ಸೋತೆ. ಅದರಲ್ಲಿ ಮೂರು ಇನ್ನೂ ಬಾಕಿ ಇದೆ.

ಇನ್ನು ನನ್ನ ಕಥೆ. 2024ರ ಪಂಚಮಿಗೆ ಮಕ್ಕಳ ಜೊತೆ ಚುರುಮುರಿ ಉಂಡಿ ಮಾಡಲು ಹೋಗಿದ್ದೆ. ಅದಕ್ಕೆ ಬೆಲ್ಲದ ಪಾಕ ಬೇಕು, ಬಿಸಿ ಇದ್ದಾಗಲೇ ಕಟ್ಟಬೇಕು. ನಾನು ಪಾಕ ಹಿಡಿದೆ. ಅಂದರೆ ಹಿಡಿದೆ ಅಂದುಕೊಂಡೆ, ಅದು ಏರಿಬಿಟ್ಟಿತು. ಚುರುಮುರಿ ಹಾಕಿ ತಿರುವುವಷ್ಟರಲ್ಲಿ ಬುಟ್ಟಿಗೇ ಗಚ್ಚಾಯಿತು. ಮಗಳು ಅವಸರಕ್ಕೆ ಬೆರಳು ಹಾಕಿದಳು. ಕುದಿಯುವ ನೀರು 100 ಡಿಗ್ರಿ. ಏರಿದ ಪಾಕ 120 ದಾಟಿರುತ್ತದೆ, ಮೇಲಾಗಿ ನೀರಿನ ಹಾಗೆ ಜಾರಿ ಹೋಗದೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬೆರಳ ತುದಿಗೆ ಬೊಬ್ಬೆ ಎದ್ದಿತು. ನಲ್ಲಿ ಕೆಳಗೆ ಹತ್ತು ಹದಿನೈದು ನಿಮಿಷ ಕೈ ಹಿಡಿಸಿದೆವು, ವಾಸಿಯಾಯಿತು. ಆದರೆ ನಮ್ಮ ಮನೆಯವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬುಟ್ಟಿಯನ್ನು ಸುತ್ತಿಗೆ ತಗೊಂಡು ಬಿಡಿಸಿದೆ.

ಈ ವರ್ಷದಿಂದ ಮನೆಯಲ್ಲಿ ಒಂದು ಕರಾರು. ಬೆಂಕಿಯ ಕೆಲಸ ಎಲ್ಲ ರಾತ್ರಿ, ಮಕ್ಕಳು ಮಲಗಿದ ಮೇಲೆ. ಬೆಳಿಗ್ಗೆ ಅವರ ಕೈಗೆ ಸಿಗುವುದೆಲ್ಲ ತಣ್ಣಗಿರಬೇಕು.

ಪಂಚಮಿ ಈ ಸಲ, 2025ರಲ್ಲಿ, ಜುಲೈ 29, ಮಂಗಳವಾರ ಬಂತಲ್ಲ, ಶನಿವಾರ ಸಂಜೆ ಇಲ್ಲೇ ಹುಬ್ಬಳ್ಳಿಯ ದುರ್ಗದ ಬೈಲು ಪೇಟೆಗೆ ಹೋದೆ. ಶ್ರಾವಣದ ಜಿಟಿಜಿಟಿ ಮಳೆ, ಕಾಲಿಟ್ಟಲ್ಲಿ ರಾಡಿ, ಜಾಗ ಸಿಕ್ಕಲ್ಲೆಲ್ಲ ಕೊಬ್ಬರಿ ಬಟ್ಟಲ ರಾಶಿ. ಶೇಂಗಾ, ಕರಿ ಎಳ್ಳು, ಪುಟಾಣಿ (ಹುರಿಗಡಲೆ) ತಗೊಂಡೆ. ಬೆಲ್ಲದ ಹತ್ತಿರ ಮಾತ್ರ ಹೊತ್ತು ಹಿಡಿಯಿತು. ಮಹಾಲಿಂಗಪುರದ ಬೆಲ್ಲದಲ್ಲೇ ಎರಡು ಥರ ಇಟ್ಟಿದ್ದ. ಒಂದು ಹಳದಿಯಾಗಿ ಥಳಥಳ ಅನ್ನುತ್ತಿತ್ತು, ಇನ್ನೊಂದು ಕಂದು, ನೋಡಲು ಬಡಪಾಯಿ. ಅವ್ವ ಹೇಳಿ ಕಳಿಸಿದ್ದಳು, ಉಗುರು ಒತ್ತಿ ನೋಡು ಅಂತ. ಥಳಥಳ ಅನ್ನುವುದಕ್ಕೆ ಉಗುರು ಇಳಿಯಲಿಲ್ಲ. ಕಂದು ಬೆಲ್ಲಕ್ಕೆ ಇಳಿಯಿತು, ಬೆರಳಿಗೆ ಅಂಟಿತು. ಪಾಕವಿಲ್ಲದ ಉಂಡಿಗೆ ಅದೇ ಬೇಕು. ಬೆಲ್ಲದೊಳಗಿನ ಆ ಸ್ವಲ್ಪ ಪಸೆಯೇ ಉಂಡಿಯನ್ನು ಹಿಡಿದು ನಿಲ್ಲಿಸುವುದು. ನಿಮ್ಮಲ್ಲಿ ಕೊಲ್ಹಾಪುರದ ಬೆಲ್ಲ ಸಿಗುತ್ತದೆ, ಚಿಂತೆ ಇಲ್ಲ. ಉಗುರು ಒತ್ತುವಾಗ ಅಂಗಡಿಯವನು ಬೈದರೆ ಬೈಸಿಕೋ.

ರಾತ್ರಿ ಶೇಂಗಾ ಹುರಿದದ್ದು ನಾನೇ. ಸಣ್ಣ ಉರಿ, ಕಾಲು ತಾಸು, ಕೈ ಬಿಡದೆ ತಿರುವಬೇಕು. ಸಿಪ್ಪೆ ಚಟಪಟ ಸೀಳಿ, ಒಳಗಿನ ಬೀಜ ತಿಳಿ ಕಂದು ಆದಾಗ ಇಳಿಸಬೇಕು. ಎಳ್ಳು ಎರಡು ಮೂರು ನಿಮಿಷಕ್ಕೇ ಸಿಡಿಯಲು ಶುರುಮಾಡುತ್ತದೆ, ಅಷ್ಟು ಸಾಕು. ಎರಡನ್ನೂ ತಾಟಿನಲ್ಲಿ ಹರಡಿ ಫ್ಯಾನ್ ಕೆಳಗೆ ಇಟ್ಟು ಮಲಗಿದೆ.

ರವಿವಾರ ಬೆಳಿಗ್ಗೆ ಮಕ್ಕಳ ಸರದಿ. ಒಂಬತ್ತು ವರ್ಷದವಳು, ಐದು ವರ್ಷದವನು. ಪಕ್ಕದ ಮನೆಯ ಇಬ್ಬರು ಕರೆಯದೇ ಬಂದರು. ಮೊದಲು ಶೇಂಗಾ ಆರಿಸುವುದು. ಮುದುಡಿದ್ದು, ಕಪ್ಪಗಾದದ್ದು, ಬೂಸ್ಟು ಹಿಡಿದದ್ದು ಬೇರೆ. ಇದನ್ನು ಆಟದ ಹಾಗೆ ಮಾಡಿಸು, ಆದರೆ ಸಡಿಲ ಬಿಡಬೇಡ. ಬೂಸ್ಟು ಹಿಡಿದ ಶೇಂಗಾದಲ್ಲಿ ವಿಷ ಇರುತ್ತದೆ, ಹುರಿದರೂ ಪೂರ್ತಿ ಹೋಗುವುದಿಲ್ಲ. ಕಹಿ ಬೀಜ ಒಂದು ಸೇರಿದರೂ ಇಡೀ ಉಂಡಿಯ ರುಚಿ ಹೋಯಿತು. ಸಣ್ಣವ ಕಹಿಯೋ ಸಿಹಿಯೋ ಅಂತ ಒಂದೊಂದೇ ತಿಂದು ನೋಡಲು ಕೂತ. ಅವನನ್ನು ಬೇರೆ ಕೆಲಸಕ್ಕೆ ಹಾಕಬೇಕಾಯಿತು.

ಆ ಬೇರೆ ಕೆಲಸ ಅಂದರೆ ಸಿಪ್ಪೆ ಬಿಡಿಸುವುದು. ಹಳೇ ಪಂಚೆಯಲ್ಲಿ ಶೇಂಗಾ ಕಟ್ಟಿ ಕೊಟ್ಟೆ, ನಾಲ್ಕೂ ಜನ ಅದರ ಮೇಲೆ ಕೂತು ತಿಕ್ಕಿದರು. ಬಿಚ್ಚಿದರೆ ಕೆಂಪು ಸಿಪ್ಪೆಯ ರಾಶಿ. ಮೊರದಲ್ಲಿ ಕೇರಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಮೊರ ಹಿಡಿದುಕೊಂಡು ಮಾಳಿಗೆಗೆ ಹೋದೆವು, ಮಳೆ ಬಿಟ್ಟಿತ್ತು, ಗಾಳಿ ಇತ್ತು. ನಾಲ್ವರೂ ಕೆನ್ನೆ ಉಬ್ಬಿಸಿ "ಉಫ್" ಅಂದರು. ಸಿಪ್ಪೆ ಮೇಲಕ್ಕೆದ್ದು ಸುತ್ತಿ ಬಂದು ಅವರ ತಲೆಗೂದಲ ಮೇಲೆ, ಹುಬ್ಬಿನ ಮೇಲೆ, ನನ್ನ ಚಹಾದ ಕಪ್ಪಿನಲ್ಲಿ ಕೂತಿತು. ಉಳಿದದ್ದು ಪಕ್ಕದ ಮನೆಯವರ ಒದ್ದೆ ಸೀರೆಗೆ. ಅದು ಆ ಇಬ್ಬರು ಮಕ್ಕಳ ಅಮ್ಮನದೇ ಆದ್ದರಿಂದ ಬಚಾವು.

ಆಮೇಲೆ ಮಿಕ್ಸರ್. ಇಲ್ಲೇ ನೋಡು ನಿನ್ನ ಫೋನು ಬಂದದ್ದು. ಶೇಂಗಾದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆಯೇ ಇರುತ್ತದೆ. ಜುಂಯ್ ಅನ್ನಿಸಿ ನಿಲ್ಲಿಸು, ಮತ್ತೆ ಜುಂಯ್ ಅನ್ನಿಸಿ ನಿಲ್ಲಿಸು. ಹಾಗೆ ಮಾಡಿದರೆ ತರಿತರಿ ಪುಡಿ ಸಿಗುತ್ತದೆ, ಬೆಲ್ಲ ಸೇರಿಸಿ ಒತ್ತಿದಾಗ ಬೇಕಾದಷ್ಟೇ ಎಣ್ಣೆ ಬಿಟ್ಟು ಉಂಡಿ ನಿಲ್ಲುತ್ತದೆ. ನಿಲ್ಲಿಸದೆ ತಿರುಗಿಸಿದರೆ ಜಾರ್ ಬಿಸಿಯಾಗಿ ಎಣ್ಣೆಯೆಲ್ಲ ಹೊರಗೆ. ನೀನು ಪುಣೆಯ ಟ್ರಾಫಿಕ್ ಬಗ್ಗೆ ಹೇಳುತ್ತಿದ್ದೆ, ನಾನು ಹೂಂ ಹೂಂ ಅನ್ನುತ್ತಿದ್ದೆ. ಮಗಳು ನನ್ನ ಅಂಗಿ ಜಗ್ಗುತ್ತಿದ್ದಳು. ಮುಚ್ಚಳ ತೆಗೆದಾಗ ಒಳಗೆ ಮುದ್ದೆ. ಸಣ್ಣವ ಇಣುಕಿ ನೋಡಿ "ಪಪ್ಪಾ, ರಾಡಿ!" ಅಂದ.

ಅವ್ವ ಬಂದು ನೋಡಿದಳು. ಏನೂ ಅನ್ನಲಿಲ್ಲ. ಒಂದು ವಾಟಿ ಪುಟಾಣಿ ಹಿಟ್ಟು ತಂದು ಸುರಿದಳು, ಕೈಯಾಡಿಸಿದಳು. ಹಿಟ್ಟು ಎಣ್ಣೆ ಕುಡಿದು ಮುದ್ದೆ ಗಟ್ಟಿಯಾಯಿತು. ಮುಂದೆ ನಿನಗೂ ಹೀಗಾದರೆ ಪುಟಾಣಿ ಹಿಟ್ಟು ಪಕ್ಕದಲ್ಲಿರಲಿ. ನಿಜ ಹೇಳಬೇಕೆಂದರೆ ಆ ಕೆಟ್ಟ ಉಂಡಿಯೇ ಉಳಿದವಕ್ಕಿಂತ ಜಾಸ್ತಿ ರುಚಿಯಾಗಿತ್ತು.

ಅಳತೆ ಬೇಕಲ್ಲ ನಿನಗೆ. ಎರಡು ವಾಟಿ ಶೇಂಗಾಕ್ಕೆ ಒಂದು ವಾಟಿ ಪುಡಿ ಬೆಲ್ಲ, ನಾಲ್ಕು ಯಾಲಕ್ಕಿ, ಎರಡು ಚಮಚ ಒಣಕೊಬ್ಬರಿ ತುರಿ. ಉದುರುತ್ತಿದ್ದರೆ ಒಂದು ಚಮಚ ತುಪ್ಪ. ನೀರು ಮಾತ್ರ ಬೇಡ, ಹಾಲೂ ಬೇಡ. ಯಾಕೆ ಅನ್ನುವುದನ್ನು ನಮ್ಮ ಸಣ್ಣವ ತೋರಿಸಿಕೊಟ್ಟ, ಹೇಳುತ್ತೇನೆ ತಾಳು.

ಮಕ್ಕಳಿಗೆ ಉಂಡಿ ಕಟ್ಟಲು ಹೇಳಿದರೆ ಮೊದಲು ಎರಡು ಅಂಗೈ ನಡುವೆ ಇಟ್ಟು ಉರುಳಿಸುತ್ತಾರೆ, ಮಣ್ಣಿನ ಗೋಲಿ ಮಾಡುವ ಹಾಗೆ. ಪುಡಿಪುಡಿಯಾಗಿ ಬೀಳುತ್ತದೆ, ಅಳುತ್ತಾರೆ. ಮೊದಲು ಒಂದೇ ಮುಷ್ಟಿಯಲ್ಲಿ ಹಿಂಡಬೇಕು, ಮೂರು ನಾಲ್ಕು ಸಲ, ಬೆರಳಿನ ಗುರುತು ಮೂಡುವ ಹಾಗೆ. ಎಣ್ಣೆ ಸ್ವಲ್ಪ ಮೇಲೆ ಬಂದು ಮಿಂಚಿದಾಗ ತಿರುಗಿಸಬೇಕು. ಸುಮ್ನೆ ಅಲ್ಲ ನಮ್ಮವರು ಉಂಡಿ 'ಕಟ್ಟೋದು' ಅನ್ನುವುದು. ಸಣ್ಣವನ ಮುಷ್ಟಿಗೆ ಬಂದದ್ದು ಅಡಿಕೆ ಗಾತ್ರ. ಮಗಳದು ಪೇರಲದ ಆಕಾರ, ಒಂದು ಕಡೆ ಬೊಡ್ಡೆ. ಮಧ್ಯಾಹ್ನದ ಹೊತ್ತಿಗೆ ತಾಟು ತುಂಬಿತು. ಅವಳು ಪಟ್ಟಿಯಲ್ಲಿ ಬರೆದಿಟ್ಟಳು: ನನ್ನವು 23, ತಮ್ಮನವು 11, ಪಪ್ಪಾನವು 7. ತಮ್ಮನ ಹನ್ನೊಂದರಲ್ಲಿ ಒಂದು ಉಂಡಿಯೇ ಅಲ್ಲ. ಅದು ಹೆಡೆ ಎತ್ತಿದ ನಾಗಪ್ಪ, ಎರಡು ಒಣದ್ರಾಕ್ಷಿ ಕಣ್ಣು.

ಸೋಮವಾರ ಬೆಳಿಗ್ಗೆ ಡಬ್ಬಿ ತೆಗೆದರೆ 29 ಉಂಡಿ. ಎಲ್ಲ ಒಂದೇ ಅಳತೆ, ಗುಂಡಗೆ, ಗೆರೆ ಹೊಡೆದ ಹಾಗೆ ಸಾಲಾಗಿ ಕೂತಿದ್ದವು. ಮಗಳು ಒಂದು ಎತ್ತಿ ತಿರುಗಿಸಿ ನೋಡಿದಳು, ಇನ್ನೊಂದು ಎತ್ತಿದಳು. "ಇವು ನಮ್ಮವು ಅಲ್ಲ" ಅಂದಳು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವ್ವ ಎಲ್ಲವನ್ನೂ ಪುಡಿ ಮಾಡಿ ಮತ್ತೆ ಕಟ್ಟಿದ್ದಳು. ಕೇಳಿದರೆ, "ಮಂದಿ ತಾಟಿಗೆ ಇಡೂದೈತಿ, ಗುಂಡಗ ಇರಬೇಕವಾ" ಅಂದಳು. ಅವಳದೂ ತಪ್ಪು ಅನ್ನಲು ಬರುವುದಿಲ್ಲ. ಐವತ್ತು ವರ್ಷ ಓಣಿಯ ಹೆಂಗಸರ ಕಣ್ಣಿನ ಮುಂದೆ ಉಂಡಿ ಕಟ್ಟಿದವಳು. ಆದರೆ ಸಣ್ಣವ ಡಬ್ಬಿಯಲ್ಲಿ ನಾಗಪ್ಪನನ್ನು ಹುಡುಕುತ್ತಿದ್ದ. ದ್ರಾಕ್ಷಿ ಮಾತ್ರ ಸಿಕ್ಕವು, ಬೇರೆ ಬೇರೆ ಎರಡು ಉಂಡಿಯಲ್ಲಿ. ಅವತ್ತು ಮನೆಯಲ್ಲಿ ಎದ್ದ ರೋದನೆ ನಿನಗೆ ಪುಣೆಗೆ ಕೇಳಿರಬೇಕು.

ನಾನು ನಡುವೆ ಬಾಯಿ ಹಾಕಲಿಲ್ಲ. ಅವ್ವನಿಗೆ ಬುದ್ಧಿ ಹೇಳುವಷ್ಟು ದೊಡ್ಡವನು ನಾನಿನ್ನೂ ಆಗಿಲ್ಲ.

ಹಾಲೆರೆಯುವುದು ಆಯಿತು. ಕೊಬ್ಬರಿ ಬಟ್ಟಲಿನಲ್ಲಿ ಹಾಲು ತಗೊಂಡು ದೇವರ ಪಾಲು, ಅಪ್ಪನ ಪಾಲು, ಅವ್ವನ ಪಾಲು ಅಂತ ಎಲ್ಲರ ಹೆಸರಿಗೂ ಎರೆದರು. ಮಗಳು "ಹಾವು ಹಾಲು ಕುಡಿಯೋದಿಲ್ಲ, ಟೀಚರ್ ಹೇಳ್ಯಾರ" ಅಂದಳು. ಅವ್ವ "ಅದಕ್ಕ ಮಣ್ಣಿನ ನಾಗಪ್ಪಗ ಎರಿತೇವಿ, ಅಂವಾ ಏನೂ ಅನ್ನೂದಿಲ್ಲ" ಅಂದಳು. ಟೀಚರ್ ಹೇಳಿದ್ದೂ ಸರಿ, ಅವ್ವ ಹೇಳಿದ್ದೂ ಸರಿ.

ಮಧ್ಯಾಹ್ನ ಚಿಗಳಿ. ಒಂದು ವಾಟಿ ಎಳ್ಳಿಗೆ ಮುಕ್ಕಾಲು ವಾಟಿ ಬೆಲ್ಲ, ಸಣ್ಣ ಒರಳಿನಲ್ಲಿ ಕುಟ್ಟುವುದು. ಇದಕ್ಕೆ ಮಿಕ್ಸರ್ ಬೇಡವೇ ಬೇಡ, ಕುಟ್ಟುವುದರಲ್ಲೇ ಮಕ್ಕಳಿಗೆ ಮಜಾ. ಕುಟ್ಟುತ್ತ ಕುಟ್ಟುತ್ತ ಎಳ್ಳು ಎಣ್ಣೆ ಬಿಟ್ಟು ಜೇಡಿಮಣ್ಣಿನಷ್ಟು ಮೆತ್ತಗಾಗುತ್ತದೆ, ಹೇಗೆ ತಿದ್ದಿದರೆ ಹಾಗೆ ನಿಲ್ಲುತ್ತದೆ. ಅವ್ವ ಬಂದು ಸಣ್ಣವನ ಪಕ್ಕದಲ್ಲಿ ಕೂತಳು. ಒಂದು ಹಿಡಿ ತಗೊಂಡಳು. ಸುರುಳಿ ಸುತ್ತಿದಳು, ತುದಿ ಎತ್ತಿ ಹೆಬ್ಬೆರಳಿನಿಂದ ಒತ್ತಿ ಹೆಡೆ ಬಿಡಿಸಿದಳು, ಕಡ್ಡಿಯಿಂದ ಮೈಮೇಲೆ ಗೀರು ಎಳೆದಳು. ಎಂಥ ನಾಗಪ್ಪ ಅಂತೀ! "ಸಣ್ಣಾಕಿ ಇದ್ದಾಗ ಹುತ್ತಿನ ಮಣ್ಣಾಗ ಮಾಡ್ತಿದ್ವಿ" ಅಂದಳು. ನನಗೇ ಗೊತ್ತಿರಲಿಲ್ಲ. ಸಣ್ಣವ ಅಳು ಮರೆತು ಬಾಯಿ ತೆರೆದು ನೋಡುತ್ತಿದ್ದ.

ಅವನಿಗೆ ಆ ನಾಗಪ್ಪನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, ಯಾರಿಗೂ ತಿನ್ನಲು ಬಿಡಲಿಲ್ಲ. ಉಳಿದ ಚಿಗಳಿಯ ಜೊತೆ ಒಂದು ಸಣ್ಣ ಡಬ್ಬಿಯಲ್ಲಿ ಇಟ್ಟ. ಯಾರೂ ಇಲ್ಲದಾಗ ಹಾಲೆರೆದು ಉಳಿದಿದ್ದ ಹಾಲನ್ನೂ ಎರೆದ, ಅವನ ಪಾಲು ಅಂತ. ಮುಚ್ಚಳ ಗಟ್ಟಿಯಾಗಿ ಹಾಕಿದ. ಬುಧವಾರ ಡಬ್ಬಿ ತೆಗೆದಾಗ ಹುಳಿ ವಾಸನೆ ಮೂಗಿಗೆ ಬಡಿಯಿತು. ಒಣಗಿದ್ದರೆ ಎರಡು ವಾರ ಆರಾಮ ಇರುತ್ತಿದ್ದ ಚಿಗಳಿ ಎರಡೇ ದಿನಕ್ಕೆ ಹೋಯಿತು. ಬೆಲ್ಲವೂ ಎಣ್ಣೆಯೂ ಇದ್ದಲ್ಲಿ ಹೊರಗಿನ ನೀರಿನ ಪಸೆ ಸೇರದಿದ್ದರೆ ಸುಲಭಕ್ಕೆ ಏನೂ ಬೆಳೆಯುವುದಿಲ್ಲ, ಒಂದು ಚಮಚ ಹಾಲು ಬಿದ್ದರೆ ಮುಗಿಯಿತು. ನಾಗಪ್ಪನನ್ನು ಹಿತ್ತಲ ಕರಿಬೇವಿನ ಬುಡಕ್ಕೆ ಕಳಿಸಿದೆವು.

ನಿನ್ನ ಗಣಪತಿ ಆಗಸ್ಟ್ 27ಕ್ಕೆ. ಅದಕ್ಕೆ ನಿನಗೆ ನಮ್ಮ ಉಂಡಿಗಿಂತ ಸುಲಭದ್ದು ಅಲ್ಲೇ ಇದೆ, ಪಂಚಖಾದ್ಯ. ಖೋಬ್ರೆ, ಖಾರೀಕ್, ಖಸಖಸೆ, ಖಿಸಮಿಸ್, ಖಡಿಸಾಖರ್ (ಕಲ್ಲುಸಕ್ಕರೆ), ಐದೂ 'ಖ'. ಶಾಲೆಯಲ್ಲಿ ಮರಾಠಿ ಕಲಿಯುತ್ತಿರುವ ನಿನ್ನ ಮಗಳಿಗೆ ಐದು ಹೆಸರು ಹುಡುಕಲು ಬಿಡು, ಒಂದು ತಾಸು ಕಳೆಯುತ್ತದೆ. ಖಾರೀಕ್ ಅಂದರೆ ನಮ್ಮ ಉತ್ತತ್ತಿ. ಅದನ್ನು ನೀನೇ ಕುಟ್ಟಿ ಕೊಡು, ಕಲ್ಲಿನಂತಿರುತ್ತದೆ. ಖಸಖಸೆ ಹಿಂದಿನ ರಾತ್ರಿ ಬೆಚ್ಚಗೆ ಮಾಡಿಡು. ಉಳಿದದ್ದು ತುರಿಯುವುದು, ಕಲಸುವುದು, ಅಷ್ಟೇ.

ಖಾರದ್ದು ಬೇಕೆಂದರೆ ಹಚ್ಚಿದ ಅವಲಕ್ಕಿ. ಪೇಪರ್ ಅವಲಕ್ಕಿಗೆ ಹಸಿ ಶೇಂಗಾ ಎಣ್ಣೆ, ಉಪ್ಪು, ಚೂರು ಸಕ್ಕರೆ, ಖಾರಪುಡಿ, ಮೆಂತ್ಯದ ಹಿಟ್ಟು ಹಾಕಿ ಹಗುರಾಗಿ ಕೈಯಲ್ಲಿ ಹಚ್ಚಬೇಕು. ಮೆಂತ್ಯದ ಹಿಟ್ಟು ಇಲ್ಲದಿದ್ದರೆ ನಿಮ್ಮ ಮೆತಕೂಟ್ ನಡೆಯುತ್ತದೆ. ಉಳ್ಳಾಗಡ್ಡಿ ನೀನು ಹೆಚ್ಚು, ತಿನ್ನುವ ಹೊತ್ತಿಗೇ ಹಾಕು, ಇಲ್ಲದಿದ್ದರೆ ಮೆತ್ತಗಾಗುತ್ತದೆ. ಖಾರಪುಡಿಯ ಕೈ ಕಣ್ಣಿಗೆ ಹೋಗದ ಹಾಗೆ ನೋಡಿಕೋ. ಅದೊಂದನ್ನು ಚಮಚದಲ್ಲೇ ಹಾಕಿಸು.

ಮಗಳು ಫೋನಿನಲ್ಲಿ ನೋಡಿ ಬಿಸ್ಕಿಟ್ ಉಂಡಿಯನ್ನೂ ಮಾಡಿದ್ದಳು. ಪಾರ್ಲೆ-ಜಿ ಪುಡಿ, ಎರಡು ಚಮಚ ಕೋಕೋ, ಡಬ್ಬಿಯ ಮಂದ ಹಾಲು, ಮೇಲೆ ಕೊಬ್ಬರಿ ಪುಡಿ, ಅರ್ಧ ತಾಸು ಫ್ರಿಜ್. ಮಕ್ಕಳು ಕುಣಿದಾಡಿ ತಿಂದರು. ನನಗೆ ಅಷ್ಟು ಸೇರಲಿಲ್ಲ, ಹಲ್ಲಿಗೆ ಅಂಟುತ್ತದೆ. ನೀನು ಮಾಡಿಸು, ನಿನಗೆ ಸೇರಬಹುದು.

ಇನ್ನೊಂದು. ನಿನ್ನ ಸಣ್ಣವಳಿಗೆ ಇನ್ನೂ ಮೂರು ವರ್ಷ ಅಲ್ವಾ? ಅವಳ ಕೈಗೆ ಇಡೀ ಶೇಂಗಾ ಕೊಡಬೇಡ, ಗಂಟಲಲ್ಲಿ ಸಿಕ್ಕರೆ ಕಷ್ಟ. ಅವಳ ಪಾಲಿನದನ್ನು ನುಣ್ಣಗೆ ಪುಡಿ ಮಾಡು, ಕೂರಿಸಿ ತಿನ್ನಿಸು. ಅಪಾರ್ಟ್‌ಮೆಂಟಿನ ಮಕ್ಕಳಿಗೆ ಹಂಚುವ ಮುಂಚೆ ಶೇಂಗಾ, ಎಳ್ಳು ಆಗಿಬರುತ್ತದೋ ಇಲ್ಲವೋ ಅಂತ ಅವರ ಮನೆಯಲ್ಲಿ ಕೇಳು. ಕೆಲವರಿಗೆ ಒಂದು ತುಣುಕಿಗೇ ಮೈಯೆಲ್ಲ ದದ್ದು ಏಳುತ್ತದೆ, ಉಸಿರೂ ಕಟ್ಟಬಹುದು.

ಶನಿವಾರ ರಾತ್ರಿ ಬಸ್ಸಿಗೆ ನಮ್ಮ ಮಾವ ಪುಣೆಗೆ ಹೊರಟಿದ್ದಾರೆ. ಅವರ ಕೈಯಲ್ಲಿ ಉಂಡಿ ಕಳಿಸುತ್ತಿದ್ದೇನೆ, ನಿನಗಾಗಿ ಹೊಸದಾಗಿ ಮಾಡಿದ್ದು. ಕೆಳಗಿನ ಪದರ ಅವ್ವನದು, ಗುಂಡಗಿವೆ, ಯಾರಾದರೂ ಬಂದರೆ ತಾಟಿಗೆ ಅವನ್ನು ಇಡು. ಮೇಲಿನ ಪದರ ಮಕ್ಕಳದು. ನಡುವೆ ಪೇಪರ್ ಹಾಕಿ ಮಗಳೇ ಬೇರೆ ಮಾಡಿದ್ದಾಳೆ, ಅವ್ವನ ಕಣ್ಣೆದುರೇ. ಬೊಡ್ಡೆ ಇರುವವು ಅವಳವು. ಅಡಿಕೆ ಗಾತ್ರದ್ದು ಮೂರು ಇವೆ, ಅವು ಸಣ್ಣವನವು. ನೀನು ತಿಂದೆಯೋ ಇಲ್ಲವೋ ಅಂತ ಅವನು ಫೋನ್ ಮಾಡಿಸಿ ಕೇಳುತ್ತಾನೆ, ಸುಳ್ಳು ಹೇಳಿದರೆ ಹಿಡಿಯುತ್ತಾನೆ.

ಡಬ್ಬಿ ಸ್ಟೀಲಿನದು, ಅಡಿಯಲ್ಲಿ ಅವ್ವನ ಹೆಸರು ಕೊರೆಸಿದೆ. ಮಾವನ ಕೈಯಲ್ಲೇ ವಾಪಸ್ ಕೊಡು. ಖಾಲಿ ಕೊಡಬೇಡ ಅಂತ ಬೇರೆ ಹೇಳಬೇಕಾಗಿಲ್ಲ. ನಿನ್ನ ಮಕ್ಕಳು ಏನು ಮಾಡಿದರೂ ಹಾಕು, ಸೊಟ್ಟಗಿದ್ದರೂ ಸರಿ. ಮತ್ತೆ ಆ ಮೂರು ಉಂಡಿ ಬಾಕಿ ಇದೆಯಲ್ಲ, ಅವನ್ನೂ.

ನಿನ್ನ,
ಹುಬ್ಬಳ್ಳಿಯ ದೋಸ್ತ